ಮೂರನೆಯ ಫೋಟೊವನ್ನೂ ಹಾಕಿ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ, ಮದುವೆಗೆ ಮೊದಲು ಮೂರೇ ತಿಂಗಳಲ್ಲಿ 14 ಕೆ.ಜಿ. ಇಳಿಸಿಕೊಂಡ ಹುಡುಗಿಯೊಬ್ಬಳ ಕಥೆ ಬಂದಿತ್ತು. ಜೊತೆಗೆ ಎರಡು ಫೋಟೊ. ಎಡಗಡೆ ಮೊದಲಿನದು, ಬಲಗಡೆ ಈಗಿನದು. ಸೋಮವಾರ ನಮ್ಮ ಸ್ಟಾಫ್ ರೂಮಿನಲ್ಲಿ ಆ ಪುಟ ಕೈಯಿಂದ ಕೈಗೆ ಓಡಾಡಿತು. ಈ ವರ್ಷವೇ ಕೆಲಸಕ್ಕೆ ಸೇರಿದ 23 ವರ್ಷದ ಟೀಚರ್ ಒಬ್ಬಳು ಅದನ್ನು ಮೊಬೈಲಿನಲ್ಲಿ ತೆಗೆದುಕೊಂಡಳು. ಮಧ್ಯಾಹ್ನ ಡಬ್ಬಿ ಬಿಚ್ಚಲಿಲ್ಲ. "ಇವತ್ತಿಂದ ರಾತ್ರಿ ಊಟ ಬಂದ್ ಅಕ್ಕ, ಮಧ್ಯಾಹ್ನ ಬರೀ ಸೌತೆಕಾಯಿ" ಅಂದಳು. ನನಗೆ ಹೊಟ್ಟೆಯಲ್ಲಿ ಕಲಸಿದ ಹಾಗಾಯಿತು. ಅವತ್ತಿನಿಂದ ಬರೆಯಬೇಕು, ಬರೆಯಬೇಕು ಅಂದುಕೊಂಡು ಇವತ್ತು ಕೂತಿದ್ದೇನೆ.

ನಾಲ್ಕು ವರ್ಷದ ಹಿಂದೆ ಆ ಬಲಗಡೆಯ ಫೋಟೊದಲ್ಲಿ ಇದ್ದವಳು ನಾನು. ಪತ್ರಿಕೆಯಲ್ಲಲ್ಲ, ಒಂದು ವಾಟ್ಸ್ಯಾಪ್ ಗುಂಪಿನಲ್ಲಿ. ನಿಶ್ಚಿತಾರ್ಥದ ದಿನ ಗಂಡಿನ ಕಡೆಯವರೊಬ್ಬರು "ಹುಡುಗಿ ಸ್ವಲ್ಪ ದಪ್ಪ ಅಲ್ವಾ" ಅಂದದ್ದು ಅಡುಗೆಮನೆಯಲ್ಲಿದ್ದ ನನ್ನ ಕಿವಿಗೆ ಬಿತ್ತು. ಆಗ ನನ್ನ ತೂಕ 71 ಕೆ.ಜಿ. ಮದುವೆಗೆ ಐದು ತಿಂಗಳಿತ್ತು. ಪರಿಚಯದವರೊಬ್ಬರು ಆ ಗುಂಪಿಗೆ ಸೇರಿಸಿದರು. ಅಲ್ಲಿ ಒಬ್ಬರು 'ಕೋಚ್' ಇದ್ದರು. ಬೆಳಿಗ್ಗೆ ನೀರಿಗೆ ಕಲಸಿದ ಒಂದು ಪೌಡರ್, ಮಧ್ಯಾಹ್ನ ಅರ್ಧ ರೊಟ್ಟಿ, ಪಲ್ಯ, ಸೌತೆಕಾಯಿ, ರಾತ್ರಿ ಮತ್ತೆ ಪೌಡರ್. ದಿನಕ್ಕೆ 800 ಕ್ಯಾಲೊರಿ ದಾಟಬಾರದು. ಬೆಳಿಗ್ಗೆ ಎದ್ದ ತಕ್ಷಣ ತೂಕದ ಯಂತ್ರದ ಮೇಲೆ ಕಾಲಿಟ್ಟು ಅಂಕಿ ಕಾಣುವ ಹಾಗೆ ಫೋಟೊ ತೆಗೆದು ಗುಂಪಿಗೆ ಹಾಕಬೇಕು. ಇಳಿದಿದ್ದರೆ ಎಲ್ಲರೂ ಚಪ್ಪಾಳೆ. ಇಳಿಯದಿದ್ದರೆ ನಿನ್ನೆ ಏನು ತಿಂದೆ ಅಂತ ಎಲ್ಲರ ಎದುರಿಗೇ ವಿಚಾರಣೆ.

54ಕ್ಕೆ ಬಂದೆ. 17 ಕೆ.ಜಿ. ಎಲ್ಲರೂ ಹೊಗಳಿದರು. ಅವ್ವ ಮಾತ್ರ ಎಣ್ಣೆ ಹಚ್ಚುವಾಗ ಬೆನ್ನ ಮೇಲೆ ಕೈಯಾಡಿಸಿ "ಎಷ್ಟು ಸೊರಗಿದೀಯವ್ವಾ, ಎಲುಬು ಕೈಗೆ ಸಿಗ್ತಾವು" ಅಂದಳು. ಅವಳಿಗೆ ಗೊತ್ತಾಗಲ್ಲ ಅಂತ ನಾನು ಸಿಡುಕಿದೆ. ಆ ಹೊತ್ತಿಗೆ ಎರಡು ತಿಂಗಳಿಂದ ಮುಟ್ಟು ನಿಂತಿತ್ತು. ಕೈಬೆರಳು ಬೇಸಿಗೆಯಲ್ಲೂ ತಣ್ಣಗಿರುತ್ತಿದ್ದವು. ತಲೆ ಬಾಚಿದರೆ ಬಾಚಣಿಗೆ ತುಂಬ ಕೂದಲು. ದಾವಣಗೆರೆಯ ಏಪ್ರಿಲ್ ಬಿಸಿಲಿನಲ್ಲಿ ನಾನು ರಾತ್ರಿ ರಗ್ಗು ಹೊದ್ದು ಮಲಗುತ್ತಿದ್ದೆ, ನಂಬಿ. ನಿದ್ದೆ ಬಾರದೆ ಮೊಬೈಲಿನಲ್ಲಿ ಅಡುಗೆ ವಿಡಿಯೊ ನೋಡುತ್ತಿದ್ದೆ. ಬೆಣ್ಣೆ ದೋಸೆ ಹಾಕುವುದು, ಮೆಣಸಿನಕಾಯಿ ಬಜ್ಜಿ ಕರಿಯುವುದು, ಹೀಗೆ ಬೆಳಗಿನ ಎರಡು ಗಂಟೆಯವರೆಗೂ. ಇದು ಯಾವುದನ್ನೂ ಯಾರಿಗೂ ಹೇಳಲಿಲ್ಲ. ಯಂತ್ರದಲ್ಲಿ ಅಂಕಿ ಇಳಿಯುತ್ತಿತ್ತಲ್ಲ, ಅಷ್ಟು ಸಾಕಾಗಿತ್ತು.

ನಮ್ಮ ಓಣಿಯ ಟೈಲರ್ ಅಕ್ಕ ಧಾರೆ ಬ್ಲೌಸನ್ನು 54 ಕೆ.ಜಿ.ಯ ಮೈಗೆ ಹೊಲಿದರು. ಒಳಗೆ ಮಾರ್ಜಿನ್ ಬಿಟ್ಟು ಎರಡೂ ಬದಿಗೆ ಮೂರು ಮೂರು ಹೊಲಿಗೆ ಹಾಕಿದ್ದರು. "ಬೇಕಾದಾಗ ಒಂದೊಂದೇ ಬಿಚ್ಚಬಹುದು" ಅಂದರು. ನನಗೆ ಸಿಟ್ಟು ಬಂತು. ಬೇಕಾಗಲ್ಲ ಅಕ್ಕ, ಅಂದೆ.

ಮದುವೆ ಮುಗಿದು ಹರಿಹರದ ಅತ್ತೆಮನೆಗೆ ಹೋದ ಮೇಲೆ ನಾನು ಮಾಮೂಲಿ ಊಟ ಶುರು ಮಾಡಿದೆ. ಜಾಸ್ತಿ ಅಲ್ಲ, ಮನೆಯವರೆಲ್ಲ ತಿನ್ನುವಷ್ಟೇ. ಮೊದಲ ವಾರದಲ್ಲೇ ಮೂರು ಕೆ.ಜಿ. ಏರಿತು. ನಾನು ಹೆದರಿ ಹೋದೆ. ಅದರಲ್ಲಿ ಬಹಳಷ್ಟು ನೀರು ಅಂತ ಆಗ ಹೇಳುವವರು ಯಾರೂ ಇರಲಿಲ್ಲ. ನಮ್ಮ ಲಿವರ್ ಮತ್ತು ಸ್ನಾಯುಗಳು ಗ್ಲೈಕೊಜೆನ್ ಅನ್ನುವ ರೂಪದಲ್ಲಿ ಸಕ್ಕರೆಯನ್ನು ಕೂಡಿಡುತ್ತವೆ. ಅದರ ಒಂದೊಂದು ಗ್ರಾಂ ಜೊತೆಗೆ ಸುಮಾರು ಮೂರು ಗ್ರಾಂ ನೀರೂ ಸೇರಿಕೊಳ್ಳುತ್ತದೆ. ಉಪವಾಸದಂಥ ಡಯಟ್‌ನಲ್ಲಿ ಮೊದಲು ಖಾಲಿಯಾಗುವುದು ಇದು, ಊಟ ಶುರುವಾದ ಕೂಡಲೇ ಮೊದಲು ತುಂಬುವುದೂ ಇದೇ. ಡಯಟ್‌ನ ಮೊದಲ ವಾರ ಸರ್‍ರನೆ ಇಳಿದದ್ದು, ಬಿಟ್ಟ ಮೊದಲ ವಾರ ಸರ್‍ರನೆ ಏರಿದ್ದು, ಎರಡರಲ್ಲೂ ದೊಡ್ಡ ಪಾಲು ನೀರಿನದೇ. ಇಷ್ಟು ಗೊತ್ತಿದ್ದಿದ್ದರೆ ಆ ವಾರ ನಾನು ಮತ್ತೆ ಊಟ ಬಿಡುತ್ತಿರಲಿಲ್ಲ. ನಾಲ್ಕು ದಿನ ಬಿಟ್ಟೆ. ಐದನೇ ದಿನ ರಾತ್ರಿ ತಡೆಯಲಿಕ್ಕಾಗಲಿಲ್ಲ.

ಆ ರಾತ್ರಿಯ ಬಗ್ಗೆ ಬರೆಯಬೇಕೋ ಬೇಡವೋ ಅಂತ ಬಹಳ ಯೋಚಿಸಿದೆ. ಬರೆಯುತ್ತೇನೆ, ಯಾಕಂದರೆ ಇದನ್ನು ಅನುಭವಿಸುವವರು ತಾವು ಒಬ್ಬರೇ ಹೀಗೆ ಅಂದುಕೊಂಡಿರುತ್ತಾರೆ. ಹಬ್ಬಕ್ಕೆ ಮಾಡಿದ ಶೇಂಗಾ ಹೋಳಿಗೆ ಡಬ್ಬಿಯಲ್ಲಿತ್ತು. ಅಡುಗೆಮನೆಯ ಲೈಟ್ ಹಾಕದೆ, ನಿಂತುಕೊಂಡೇ, ಒಂದಾದ ಮೇಲೆ ಒಂದು ತಿಂದೆ. ಎಂಟೋ ಒಂಬತ್ತೋ. ಹೊಟ್ಟೆ ತುಂಬಿ ನೋಯುತ್ತಿತ್ತು, ಕೈ ಮಾತ್ರ ನಿಲ್ಲುತ್ತಿರಲಿಲ್ಲ. ಬೆಲ್ಲದ ಪುಡಿ ನೈಟಿ ಮೇಲೆ ಉದುರುತ್ತಿತ್ತು. ಅಷ್ಟರಲ್ಲಿ ಅತ್ತೆ ಬಂದು ಲೈಟ್ ಹಾಕಿದರು. ನಾನು ನೆಲ ಬಿರಿಯಬಾರದಾ ಅಂತ ನಿಂತೆ. ಅವರು ಏನೂ ಕೇಳಲಿಲ್ಲ. ಒಂದು ತಟ್ಟೆ ತೆಗೆದು ಎರಡು ಹೋಳಿಗೆ ಇಟ್ಟು ತುಪ್ಪ ಹಾಕಿ, "ಕೂತ್ಕೊಂಡು ತಿನ್ನವ್ವ" ಅಂದರು. ಆಮೇಲೆ ಹಾಲು ಬಿಸಿ ಮಾಡಿಕೊಟ್ಟು ಪಕ್ಕದಲ್ಲಿ ಕೂತರು. ಅವತ್ತು ನಾನು ಅತ್ತಷ್ಟು ಯಾವತ್ತೂ ಅತ್ತಿಲ್ಲ.

ಒಂದು ವರ್ಷದಲ್ಲಿ 78 ಕೆ.ಜಿ. ಆದೆ. ಅಂದರೆ ಶುರು ಮಾಡಿದ್ದಕ್ಕಿಂತ ಏಳು ಕೆ.ಜಿ. ಹೆಚ್ಚು. ಏರಿದ ರೀತಿಯೂ ಬೇರೆ. ಮೊದಲು ನಾನು ದಪ್ಪಗಿದ್ದಾಗ ಕೈ, ತೊಡೆ, ಮೈ ಎಲ್ಲ ಒಂದೇ ಸಮನಾಗಿತ್ತು. ಈಗ ಮೊದಲು ಬಂದದ್ದು ಹೊಟ್ಟೆ. ಮುಖ ಊದಿತು, ಸಂಜೆ ಹೊತ್ತಿಗೆ ಕಾಲುಂಗುರ ಬಿಗಿಯಾಗುತ್ತಿತ್ತು, ಕೈ ಮಾತ್ರ ಬಡಕಲು. ಕನ್ನಡಿಯಲ್ಲಿ ನೋಡಿದರೆ ಇದು ನನ್ನ ಮೈ ಅಲ್ಲ ಅನಿಸುತ್ತಿತ್ತು. ಟೈಲರ್ ಅಕ್ಕನ ಹತ್ತಿರ ಮೂರು ಸಲ ಹೋದೆ. ಮೂರು ಸಲವೂ ಒಂದೊಂದು ಹೊಲಿಗೆ ಬಿಚ್ಚಿದರು. ರೇಷ್ಮೆ ಬಟ್ಟೆ ನೋಡಿ, ಬಿಚ್ಚಿದ ಕಡೆಯೆಲ್ಲ ಸೂಜಿಯ ತೂತಿನ ಸಾಲು ಹಾಗೇ ಉಳಿಯಿತು.

ನಾನು ಶಾಲೆಗೆ ಹರಿಹರದಿಂದ ಬಸ್ಸಿನಲ್ಲಿ ಓಡಾಡುತ್ತೇನೆ. ಒಂದು ದಿನ ನಿಂತುಕೊಂಡಿದ್ದೆ. ವಯಸ್ಸಾದ ಅಮ್ಮ ಒಬ್ಬರು ತಾವೇ ಎದ್ದು "ಕೂತ್ಕೋ ತಾಯಿ, ಎಷ್ಟು ತಿಂಗಳು" ಅಂತ ಕೇಳಿದರು. ಅವರ ಪ್ರೀತಿಗೆ ಏನು ಹೇಳಲಿ. ನನಗೆ ಆಗಲೂ ಮುಟ್ಟು ಸರಿಯಾಗಿ ಆಗುತ್ತಿರಲಿಲ್ಲ. "ಐದು" ಅಂದುಬಿಟ್ಟು ಕೂತೆ. ಇಲ್ಲ ಅನ್ನಲಿಕ್ಕೆ ಬಾಯಿ ಬರಲಿಲ್ಲ. ನೆಂಟರ ಮನೆಯ ಕಾರ್ಯಗಳಿಗೆ ಹೋದರೆ "ಏನಾದ್ರೂ ವಿಶೇಷನಾ" ಅಂತ ಹೊಟ್ಟೆ ಕಡೆ ನೋಡುವವರು ಒಂದು ಕಡೆ, "ಅಷ್ಟು ಕಷ್ಟಪಟ್ಟು ಇಳಿಸಿ ಮತ್ತೆ ಹೀಗ್ಯಾಕೆ ಬಿಟ್ಟೆ" ಅನ್ನುವವರು ಇನ್ನೊಂದು ಕಡೆ. ಈ ಎರಡನೇ ಮಾತು ಹೆಚ್ಚು ನೋಯಿಸಿತು. ನಾನೂ ಅದನ್ನೇ ನಂಬಿದ್ದೆನಲ್ಲ. ನನ್ನ ಬಾಯಿಗೆ ಕಡಿವಾಣ ಇಲ್ಲ, ನನಗೆ ಮನೋಬಲ ಇಲ್ಲ, ತಪ್ಪು ನನ್ನದೇ ಅಂತ.

ಕೊನೆಗೆ ಡಾಕ್ಟರ್ ಹತ್ತಿರ ಹೋದದ್ದು ಮುಟ್ಟಿನ ತೊಂದರೆಗೆ, ತೂಕಕ್ಕಲ್ಲ. ಆ ಹೆಣ್ಣುಮಗಳು ಥೈರಾಯ್ಡ್, ರಕ್ತ, ಸಕ್ಕರೆ ಎಲ್ಲ ಪರೀಕ್ಷೆ ಮಾಡಿಸಿ ನಡೆದದ್ದೆಲ್ಲ ಕೇಳಿದರು. ನಂತರ "ನೀವು ಸೋತಿಲ್ಲ, ನಿಮ್ಮ ದೇಹ ಬರಗಾಲದಿಂದ ಎದ್ದು ಬರ್ತಾ ಇದೆ" ಅಂದರು. ಬರಗಾಲ ಅಂದ ಕೂಡಲೇ ನನಗೆ ನಮ್ಮಜ್ಜಿ ನೆನಪಾದಳು. ಅವಳ ತವರು ಜಗಳೂರು ಕಡೆ. ಮಳೆ ಕೈಕೊಟ್ಟ ಸೀಮೆ. ಬರ ಕಳೆದು ಮೊದಲ ಬೆಳೆ ಬಂದ ವರ್ಷ ಮನೆಯಲ್ಲಿ ಏನು ಮಾಡುತ್ತಿದ್ದರು ಅಂತ ಅವಳು ಹೇಳುತ್ತಿದ್ದಳು: ಜೋಳವನ್ನು ಮಾರುತ್ತಿರಲಿಲ್ಲ, ಹಬ್ಬ ಜೋರು ಮಾಡುತ್ತಿರಲಿಲ್ಲ, ಗೋಡೆ ಬಿದ್ದಿದ್ದರೂ ಆಮೇಲೆ ಕಟ್ಟಿದರಾಯಿತು ಅಂತ ಮೊದಲು ಹಗೇವು, ಅಂದರೆ ಕಾಳು ಕೂಡಿಡುವ ನೆಲದೊಳಗಿನ ಗುಂಡಿ, ತುಂಬುತ್ತಿದ್ದರು. ಮುಂದಿನ ವರ್ಷ ಮಳೆ ಬರುತ್ತದೋ ಇಲ್ಲವೋ ಯಾರಿಗೆ ಗೊತ್ತು. ಹಸಿದು ಎದ್ದ ಮೈ ಮಾಡುವುದೂ ಇದನ್ನೇ. ಕರಗಿದ ಸ್ನಾಯು ಕಟ್ಟುವುದು ನಿಧಾನ, ಕೊಬ್ಬು ಕೂಡಿಡುವುದು ಮೊದಲು. ಅದೂ ಹೊಟ್ಟೆಯ ಸುತ್ತ ಮೊದಲು ಕೂಡುವುದು ಇಂಥವರಲ್ಲಿ ಸಾಮಾನ್ಯ ಅಂತ ಡಾಕ್ಟರ್ ಹೇಳಿದರು.

ಆಮೇಲೆ ನಾನೇ ಹುಡುಕಿ ಓದಿದೆ. ಎರಡನೇ ಮಹಾಯುದ್ಧದ ಕೊನೆಯ ಹೊತ್ತಿಗೆ, 1944-45ರಲ್ಲಿ, ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಅನ್ನುವ ವಿಜ್ಞಾನಿ ಒಂದು ಪ್ರಯೋಗ ಮಾಡಿದರು. ಯುದ್ಧಕ್ಕೆ ಹೋಗುವುದಿಲ್ಲ ಎಂದ 36 ಆರೋಗ್ಯವಂತ ಯುವಕರು ತಾವಾಗಿಯೇ ಒಪ್ಪಿ ಬಂದಿದ್ದರು. ಯುರೋಪಿನಲ್ಲಿ ಹಸಿದವರಿಗೆ ಮತ್ತೆ ಹೇಗೆ ಊಟ ಕೊಡಬೇಕು ಅಂತ ತಿಳಿಯುವುದು ಉದ್ದೇಶ. 24 ವಾರ ಅವರಿಗೆ ದಿನಕ್ಕೆ ಸರಾಸರಿ 1,570 ಕ್ಯಾಲೊರಿಯಷ್ಟು ಆಲೂಗಡ್ಡೆ, ಬ್ರೆಡ್, ಗಡ್ಡೆ ತರಕಾರಿ ಕೊಟ್ಟರು. ನಾನು ಈ ಸಂಖ್ಯೆಯನ್ನು ಎರಡು ಸಲ ಓದಿದೆ. 'ಹಸಿವಿನ ಪ್ರಯೋಗ' ಅಂತ ಪ್ರಪಂಚ ಕರೆಯುವುದರಲ್ಲಿ ಅವರಿಗೆ ಸಿಕ್ಕ ಊಟ, ನನ್ನ ಗುಂಪಿನಲ್ಲಿ 'ಹೆಲ್ದಿ ಲೈಫ್‌ಸ್ಟೈಲ್' ಅಂತ ಕರೆದ ಊಟದ ಹತ್ತಿರ ಹತ್ತಿರ ಎರಡರಷ್ಟಿತ್ತು. ಅವರು ಗಂಡಸರು, ವಾರಕ್ಕೆ 35 ಕಿಲೋಮೀಟರ್ ನಡೆಯಬೇಕಿತ್ತು, ಅದು ನಿಜ. ಆದರೂ.

ಅವರ ತೂಕ ಸುಮಾರು ಕಾಲು ಭಾಗ ಇಳಿಯಿತು. ನನ್ನದೂ ಸರಿಸುಮಾರು ಅಷ್ಟೇ, 71ರಿಂದ 54. ಅವರಿಗೂ ಸದಾ ಚಳಿ. ಕೂದಲು ಉದುರಿತು, ಕಾಲು ಊದಿತು. ತಟ್ಟೆ ನೆಕ್ಕುತ್ತಿದ್ದರು. ಅಡುಗೆ ಪುಸ್ತಕ ಕೂಡಿಹಾಕಿ ಓದುತ್ತಿದ್ದರು. ಇದನ್ನು ಓದಿದಾಗ ನನ್ನ ರಾತ್ರಿ ಎರಡು ಗಂಟೆಯ ಬಜ್ಜಿ ವಿಡಿಯೊಗಳು ಕಣ್ಣ ಮುಂದೆ ಬಂದವು. ಮತ್ತೆ ಊಟ ಶುರುವಾದ ಮೇಲೆ ಕೆಲವರಿಗೆ ಎಷ್ಟು ತಿಂದರೂ ಹಸಿವು ತೀರಲಿಲ್ಲ. ಮೈಯಲ್ಲಿ ಕೊಬ್ಬು ಮೊದಲಿಗಿಂತ ಹೆಚ್ಚಾಯಿತು, ಸ್ನಾಯು ತುಂಬಿಕೊಳ್ಳಲು ಇನ್ನೂ ಸಮಯ ಹಿಡಿಯಿತು. ಇವರು ಯಾರೂ ಮನೋಬಲ ಇಲ್ಲದವರಲ್ಲ. ಹಸಿದು ಸಾಯುವವರಿಗೆ ಸಹಾಯವಾಗಲಿ ಅಂತ ಆರು ತಿಂಗಳು ಹಸಿದಿದ್ದವರು. ಎಂಬತ್ತು ವರ್ಷದ ಹಿಂದೆಯೇ ಇದು ಗೊತ್ತಿತ್ತು ಅಂದಮೇಲೆ ನಮಗೆ ಯಾಕೆ ಯಾರೂ ಹೇಳುವುದಿಲ್ಲ?

ಇತ್ತೀಚಿನವೂ ಇವೆ. ಆಸ್ಟ್ರೇಲಿಯಾದಲ್ಲಿ ದಪ್ಪಗಿದ್ದ 50 ಜನರಿಗೆ ಹತ್ತು ವಾರ ತೀರಾ ಕಡಿಮೆ ಕ್ಯಾಲೊರಿ ಕೊಟ್ಟು ನೋಡಿದರು. 2011ರಲ್ಲಿ ಪ್ರಕಟವಾಯಿತು. ಹಸಿವು ಹೆಚ್ಚಿಸುವ ಗ್ರೆಲಿನ್ ಅನ್ನುವ ಹಾರ್ಮೋನು ಏರಿತ್ತು, ಹೊಟ್ಟೆ ತುಂಬಿದೆ ಅಂತ ಮೆದುಳಿಗೆ ತಿಳಿಸುವ ಲೆಪ್ಟಿನ್ ಅನ್ನುವ ಹಾರ್ಮೋನು ಇಳಿದಿತ್ತು. ಒಂದು ವರ್ಷ ಕಳೆದರೂ ಅವು ಮೊದಲಿನಂತೆ ಆಗಿರಲಿಲ್ಲ. ಅಮೆರಿಕದ ಟಿವಿಯಲ್ಲಿ ತೂಕ ಇಳಿಸುವ ಸ್ಪರ್ಧೆಯೊಂದು ಬರುತ್ತಿತ್ತು. ಅದರ 14 ಸ್ಪರ್ಧಿಗಳನ್ನು ಆರು ವರ್ಷದ ಮೇಲೆ ಮತ್ತೆ ಪರೀಕ್ಷಿಸಿದರು. ಸರಾಸರಿ 58 ಕೆ.ಜಿ. ಇಳಿಸಿದ್ದವರಲ್ಲಿ 41 ಕೆ.ಜಿ. ವಾಪಸ್ ಬಂದಿತ್ತು. ಅಷ್ಟೇ ಅಲ್ಲ, ಸುಮ್ನೆ ಕೂತಾಗ ಅವರ ದೇಹ ಖರ್ಚು ಮಾಡುವ ಶಕ್ತಿ, ಅವರ ಮೈಕಟ್ಟಿಗೆ ಇರಬೇಕಾದದ್ದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆ ಇತ್ತು. ಆರು ವರ್ಷದ ಮೇಲೂ. ಈಗ ಬಂದಿರುವ ತೂಕ ಇಳಿಸುವ ಇಂಜೆಕ್ಷನ್‌ಗಳ ಕಥೆಯೂ ಪೂರ್ತಿ ಬೇರೆ ಏನಲ್ಲ. ಅಂಥದ್ದೊಂದು ಔಷಧಿ ಸೆಮಾಗ್ಲುಟೈಡ್ ನಿಲ್ಲಿಸಿದವರನ್ನು ಗಮನಿಸಿದಾಗ ಒಂದು ವರ್ಷದಲ್ಲಿ ಇಳಿದ ತೂಕದ ಮೂರರಲ್ಲಿ ಎರಡು ಭಾಗ ಮರಳಿತ್ತು.

ತೂಕ ಇಳಿಸುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ನಮ್ಮ ತಂದೆಗೆ ಸಕ್ಕರೆ ಕಾಯಿಲೆ ಇದೆ. ಡಾಕ್ಟರ್ ಹೇಳಿದಂತೆ ಎರಡು ವರ್ಷದಲ್ಲಿ ನಿಧಾನವಾಗಿ ಆರು ಕೆ.ಜಿ. ಇಳಿಸಿದ್ದಾರೆ, ಮಾತ್ರೆಯೂ ಕಡಿಮೆಯಾಗಿದೆ, ನಮಗೆಲ್ಲ ಸಂತೋಷ. ಅವರ ತಟ್ಟೆಯಲ್ಲಿ ಇವತ್ತಿಗೂ ಎರಡು ರೊಟ್ಟಿ, ಕಾಳು ಪಲ್ಯ, ಮಜ್ಜಿಗೆ ಇರುತ್ತದೆ. ನಾನು ಹೇಳುತ್ತಿರುವುದು ಮದುವೆಯ ತಾರೀಖು ಇಟ್ಟುಕೊಂಡು ಹಸಿಯುವುದರ ಬಗ್ಗೆ. ಬೇಗ ಬೇಗ ಇಳಿಸಿದರೆ ಪಿತ್ತಕೋಶದಲ್ಲಿ ಕಲ್ಲಾಗುವ ಅಪಾಯ ಇದೆ, ಮುಟ್ಟು ನಿಂತರೆ ಎಲುಬು ಸವೆಯುತ್ತದೆ. ಇದನ್ನು ನನ್ನ ಕೋಚ್ ಒಮ್ಮೆಯೂ ಹೇಳಲಿಲ್ಲ. ಮುಟ್ಟು ನಿಂತಿದೆ ಅಂತ ಧೈರ್ಯ ಮಾಡಿ ಒಂದು ಸಲ ಕೇಳಿದಾಗ "ಡಿಟಾಕ್ಸ್ ಆಗ್ತಾ ಇದೆ, ಒಳ್ಳೇದೇ" ಅಂತ ಉತ್ತರ ಬಂತು. ಆ ಮೆಸೇಜು ನನ್ನ ಹತ್ತಿರ ಇನ್ನೂ ಇದೆ.

ಈಗ ನನ್ನ ತೂಕ 74. ಒಂದೂವರೆ ವರ್ಷದಿಂದ ಹೆಚ್ಚುಕಡಿಮೆ ಅಲ್ಲೇ ನಿಂತಿದೆ. ಮೂರು ಹೊತ್ತು ಊಟ ಮಾಡುತ್ತೇನೆ. ಹೊತ್ತಿಗೆ ಸರಿಯಾಗಿ ತಿನ್ನಲು ಶುರು ಮಾಡಿದ ಮೇಲೆ ರಾತ್ರಿ ಕದ್ದು ತಿನ್ನುವುದು ತಾನಾಗೇ ಕಡಿಮೆಯಾಗುತ್ತಾ ಬಂತು. ಅದಕ್ಕೆ ಎಂಟು ತಿಂಗಳು ಹಿಡಿಯಿತು. ಮುಟ್ಟು ಸರಿಯಾಗಿದೆ. ಹೊಸ ಕೂದಲು ಹಣೆಯ ಮೇಲೆ ಗಿಡ್ಡಗೆ ಎದ್ದು ನಿಲ್ಲುತ್ತವೆ, ಎಣ್ಣೆ ಹಚ್ಚಿದರೂ ಕೂರುವುದಿಲ್ಲ, ಅವನ್ನು ನೋಡಿದರೆ ನನಗೆ ಖುಷಿ. ಹೊಟ್ಟೆ ಪೂರ್ತಿ ಹೋಗಿಲ್ಲ, ಆದರೆ ತೂಕ ಮೈಗೆಲ್ಲ ಹಂಚಿಕೊಂಡಿದೆ. ಪ್ರಾರ್ಥನೆಗೆ ನಿಂತಾಗ ತಲೆ ತಿರುಗುವುದಿಲ್ಲ. ತೂಕದ ಯಂತ್ರವನ್ನು ಅಟ್ಟಕ್ಕೆ ಹಾಕಿದ್ದೇನೆ, ಡಾಕ್ಟರ್ ಹತ್ತಿರ ಹೋದಾಗ ಅಲ್ಲೇ ನೋಡುತ್ತಾರೆ, ಸಾಕು.

ಇದೇ ಸ್ಥಿತಿಯಲ್ಲಿ ಇರುವ ಅಕ್ಕತಂಗಿಯರು, ತಮ್ಮಂದಿರು ಈ ಪತ್ರ ಓದುತ್ತಿದ್ದರೆ ಒಂದು ಮಾತು. ಏರುತ್ತಿದೆ ಅಂತ ಹೆದರಿ ಮತ್ತೆ ಊಟ ಬಿಡಬೇಡಿ. ನಾನು ಹಾಗೆ ನಾಲ್ಕು ಸಲ ಮಾಡಿದೆ, ನಾಲ್ಕು ಸಲವೂ ಮೊದಲಿಗಿಂತ ಜಾಸ್ತಿ ಏರಿದೆ. ಮುಟ್ಟು ಮೂರು ತಿಂಗಳು ನಿಂತಿದ್ದರೆ, ಕಾಲು ಊದುತ್ತಿದ್ದರೆ, ಎದೆ ಡವಡವ ಅಂದರೆ ಡಾಕ್ಟರನ್ನು ನೋಡಿ. ತುಂಬಾ ದಿನ ಏನೂ ತಿನ್ನದೆ ಇದ್ದವರು ಒಮ್ಮೆಲೇ ಹೊಟ್ಟೆ ತುಂಬ ತಿನ್ನಲು ಹೋಗಬೇಡಿ, ರಕ್ತದ ಲವಣಾಂಶ ಏರುಪೇರಾಗಿ ಜೀವಕ್ಕೇ ಅಪಾಯ ಆಗಬಹುದು, ಅದನ್ನು ಡಾಕ್ಟರ ಎದುರಿಗೇ ಮಾಡಬೇಕು. ತಿಂದದ್ದನ್ನು ವಾಂತಿ ಮಾಡಿಕೊಳ್ಳುವುದು, ಕದ್ದು ತಿಂದು ಅಳುವುದು ನಡೆಯುತ್ತಿದ್ದರೆ ಅದೂ ಕಾಯಿಲೆಯೇ, ನಾಚಿಕೆ ಬೇಡ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಇನ್ನು ಮನೆಯವರಿಗೆ: "ಮತ್ತೆ ದಪ್ಪ ಆದೆ" ಅನ್ನುವ ಬದಲು ನಮ್ಮ ಅತ್ತೆ ಇಟ್ಟ ಹಾಗೆ ಒಂದು ತಟ್ಟೆ ಇಡಿ.

ಸಂಪಾದಕರೇ, ನಿಮ್ಮಲ್ಲಿ ಕೇಳುವುದು ಇಷ್ಟು. ಮೂರು ತಿಂಗಳಲ್ಲಿ ಇಳಿಸಿದವರ ಕಥೆ ಹಾಕುವ ಮುಂಚೆ ಮೂರು ವರ್ಷ ಕಾಯಿರಿ. ಅಥವಾ ಮೂರು ವರ್ಷದ ಹಿಂದೆ ನೀವೇ ಹಾಕಿದ್ದವರಿಗೆ ಫೋನ್ ಮಾಡಿ, ಈಗ ಹೇಗಿದ್ದೀರಿ ಅಂತ ಕೇಳಿ ಅದನ್ನೂ ಅಷ್ಟೇ ದೊಡ್ಡದಾಗಿ ಬರೆಯಿರಿ. ಅವರು ದಿನಕ್ಕೆ ಎಷ್ಟು ತಿಂದರು, ಯಾವ ಡಾಕ್ಟರ್ ನೋಡಿದರು, ಮುಟ್ಟು ಸರಿಯಾಗಿತ್ತಾ ಅನ್ನುವುದನ್ನು ಕೇಳದೆ ಫೋಟೊ ಹಾಕಬೇಡಿ. ಆ ಹುಡುಗಿಯ ಮೇಲೆ ನನಗೆ ಯಾವ ಬೇಸರವೂ ಇಲ್ಲ. ಅವಳು ಚೆನ್ನಾಗಿರಲಿ. ಅವಳ ಹತ್ತಿರ ಯಾರಾದರೂ ಮುಂದಿನ ವರ್ಷವೂ ಹೋಗಿ ಮಾತಾಡಲಿ ಅಂತಷ್ಟೇ ಆಸೆ.

ಮದುವೆ ಸೀಸನ್ನಿನ ವಿಶೇಷ ಪುರವಣಿ ಸದ್ಯದಲ್ಲೇ ತರುತ್ತೀರಿ ಅಂತ ಪ್ರಕಟಣೆ ನೋಡಿದೆ. ನನ್ನ ಹತ್ತಿರ ಮೂರು ಫೋಟೊ ಇವೆ. 71ರದು, 54ರದು, ಮತ್ತೆ ಮೊನ್ನೆ ತಂಗಿಯ ಸೀಮಂತದಲ್ಲಿ ಹೊಸ ಬ್ಲೌಸ್ ಹಾಕಿಕೊಂಡು ತೆಗೆಸಿದ್ದು. ಹೊಸದನ್ನು ಟೈಲರ್ ಅಕ್ಕ ಈಗಿನ ಅಳತೆಗೇ ಹೊಲಿದುಕೊಟ್ಟರು. ಮೂರೂ ಕಳಿಸುತ್ತೇನೆ. ಶಾಲೆಯ ಮಕ್ಕಳು, ಪಾಲಕರು ನೋಡುತ್ತಾರೆ, ಹಾಗಾಗಿ ಮುಖ ಮತ್ತು ಹೆಸರು ಮರೆಮಾಡಿ. ಆದರೆ ಮೂರನ್ನೂ ಒಂದೇ ಸಾಲಿನಲ್ಲಿ, ಒಂದೇ ಅಳತೆಯಲ್ಲಿ ಹಾಕಿ.

ಇಂತಿ,
ಒಬ್ಬ ಶಿಕ್ಷಕಿ, ಹರಿಹರ